ಟಿವಿ ಪಕ್ಕದ ಕಪ್: ತಿಲಕವಾಡಿಯ ಆರು ಸಿಟಿ ಅಭಿಮಾನಿಗಳ ಪ್ರಕರಣ

2023ರ ಫೆಬ್ರವರಿ 6, ಸೋಮವಾರ ಸಂಜೆ. ಬೆಳಗಾವಿಯ ತಿಲಕವಾಡಿಯಲ್ಲಿ ಮೊದಲನೇ ರೈಲ್ವೆ ಗೇಟಿನ ಹತ್ತಿರ ಚಹಾ ಕುಡಿಯುತ್ತಾ ನಿಂತಿದ್ದೆವು. ಗೇಟು ಬಿದ್ದಿತ್ತು. ಆ ಕಡೆ ಬೈಕಿನ ಮೇಲೆ ಕೂತಿದ್ದ ಲಿವರ್‌ಪೂಲ್ ತಂಡದ ಅಭಿಮಾನಿಯಾದ ನಮ್ಮ ಗೆಳೆಯ ನಮ್ಮನ್ನು ನೋಡಿದ. ನೋಡಿದವನೇ ಎರಡೂ ಕೈ ಎತ್ತಿ ಹತ್ತೂ ಬೆರಳು ಬಿಚ್ಚಿ ತೋರಿಸಿದ. ಮುಚ್ಚಿದ. ಮತ್ತೆ ಬಿಚ್ಚಿದ. ಹೀಗೇ ಹತ್ತು ಸಲ. ಇವನಿಗೇನಾಯ್ತು ಅಂತ ನಾವು ನಗುತ್ತಿದ್ದೆವು. ಗೂಡ್ಸ್ ಗಾಡಿ ಅಡ್ಡ ಬಂತು. ಅದರ ಕೊನೆಯ ಡಬ್ಬಿ ದಾಟುವ ಹೊತ್ತಿಗೆ ನಮ್ಮಲ್ಲೊಬ್ಬ ಮೊಬೈಲ್ ತೆಗೆದು ಓದಿಬಿಟ್ಟಿದ್ದ. ಅವನ ಮುಖದ ನಗು ಹೋಗಿತ್ತು.

ನಮ್ಮ ಮೆಚ್ಚಿನ ಫುಟ್‌ಬಾಲ್ ಕ್ಲಬ್ ಮ್ಯಾಂಚೆಸ್ಟರ್ ಸಿಟಿ ಹಣಕಾಸಿನ ನಿಯಮಗಳನ್ನು ಮುರಿದಿದೆ ಎಂದು ಇಂಗ್ಲೆಂಡಿನ ದೊಡ್ಡ ಲೀಗ್ ಆದ ಪ್ರೀಮಿಯರ್ ಲೀಗ್ ಆರೋಪ ಹೊರಿಸಿತ್ತು. ನೂರಕ್ಕೂ ಜಾಸ್ತಿ ಆರೋಪ. ಆಮೇಲೆ ಪತ್ರಿಕೆಗಳು ಎಣಿಸಿ 115 ಅಂದವು. ಆ ಸಂಖ್ಯೆಯೇ ಸಿಟಿಯ ಅಡ್ಡಹೆಸರಾಯಿತು.

ಅವತ್ತಿನಿಂದ 2024ರ ಡಿಸೆಂಬರ್ ತನಕ ನಮ್ಮ ಗುಂಪಿನಲ್ಲಿ ಏನಾಯಿತು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಮ್ಯಾಂಚೆಸ್ಟರ್‌ನಲ್ಲಿ ಏನಾಯಿತು ಅಂತ ಬರೆದವರು ಬಹಳ ಜನ ಇದ್ದಾರೆ. ಏಳು ಸಾವಿರಕ್ಕೂ ಜಾಸ್ತಿ ಕಿಲೋಮೀಟರ್ ದೂರದಲ್ಲಿ, ಆ ಕ್ಲಬ್ಬಿಗೆ ಒಂದು ಪೈಸೆ ಟಿಕೆಟ್ ದುಡ್ಡೂ ಕೊಡದ ನಾವು ಯಾಕೆ ಮನೆಯವರ ಮೇಲೆ ಕೇಸು ಬಿದ್ದಂತೆ ಆಡಿದೆವು? ನನ್ನ ಕುತೂಹಲ ಅದು.

ಗುಂಪು

ಎಂಟು ಜನ. ಆರು ಸಿಟಿ, ಒಬ್ಬ ಲಿವರ್‌ಪೂಲ್, ಒಬ್ಬ ಯಾವ ತಂಡಕ್ಕೂ ಇಲ್ಲ. ಹೆಸರು ಹಾಕುವುದಿಲ್ಲ. ಫುಟ್‌ಬಾಲ್ ಮಟ್ಟಿಗೆ ಬೆಳಗಾವಿ ಸಣ್ಣ ಊರು. ಸಿಎ ಆಫೀಸಿನಲ್ಲಿ ಕೆಲಸ ಮಾಡುವವನು ಲೆಕ್ಕಿಗ. ಯಾವ ತಂಡಕ್ಕೂ ಇಲ್ಲದವನು ಗೋಲಿ, ಯಾಕಂದರೆ ಅವನು ಗೋಲ್‌ಕೀಪರ್ ಆಗಿದ್ದವನು. ಇವರಿಬ್ಬರನ್ನು ನೆನಪಿಟ್ಟುಕೊಂಡರೆ ಸಾಕು.

ಬೆಳಗಾವಿಯಲ್ಲಿ ಫುಟ್‌ಬಾಲ್ ಎಲ್ಲಿಂದ ಬಂತು ಅಂತ ಹೊರಗಿನವರು ಕೇಳುತ್ತಾರೆ. ಕ್ಯಾಂಪ್ ಇದೆ, ಮಿಲಿಟರಿ ಇದೆ, ಮಿಷನ್ ಶಾಲೆಗಳಿವೆ. ಒಂದು ಕಡೆ ಗೋವಾ, ಇನ್ನೊಂದು ಕಡೆ ಕೊಲ್ಹಾಪುರ. ಎರಡೂ ಫುಟ್‌ಬಾಲ್ ಹುಚ್ಚಿನ ಊರುಗಳು, ಎರಡೂ ಬಸ್ಸಿನಲ್ಲಿ ಕೆಲವೇ ತಾಸು. ಈ ಮಾತು ಮುಂದೆ ಮತ್ತೆ ಬರುತ್ತದೆ.

ನಮ್ಮ ಅಡ್ಡಾ ಒಂದು ಪೇಂಟ್ ಅಂಗಡಿಯ ಮೇಲಿನ ಕೋಣೆ. ಟಿವಿ, ಎಂಟು ಪ್ಲಾಸ್ಟಿಕ್ ಕುರ್ಚಿ, ಒಂದು ಕೇರಂ ಬೋರ್ಡು. ಟಿವಿ ಪಕ್ಕದ ಕಪಾಟಿನ ಮೇಲೆ ಒಂದು ಕಪ್. ನಾವು ಹುಡುಗರಾಗಿದ್ದಾಗ ಊರಿನ ಟೂರ್ನಮೆಂಟಿನಲ್ಲಿ ಗೆದ್ದದ್ದು. ಬಂಗಾರದ ಬಣ್ಣ ಎಲ್ಲ ಹೋಗಿ ತಗಡು ಕಾಣುತ್ತದೆ. ಒಂದು ಹಿಡಿ ಮುರಿದು ಎಂ-ಸೀಲ್ ಹಚ್ಚಿದ್ದೇವೆ. ಒಳಗೆ ರಿಮೋಟಿನ ಹಳೇ ಸೆಲ್ಲು, ಬಿಲ್ಲಿನ ಚೂರು, ಒಂದು ಕೇರಂ ಪಾನು.

ಸಿಟಿ ನಮ್ಮ ತಂಡವಾದದ್ದು 2012ರ ಮೇ 13ಕ್ಕೆ. ಅದಕ್ಕೆ ಮೊದಲು ಎಲ್ಲರೂ ಮ್ಯಾಂಚೆಸ್ಟರ್ ಯುನೈಟೆಡ್ ಅನ್ನುತ್ತಿದ್ದರು, ನಮಗೆ ಅದು ಬೇಜಾರಾಗಿತ್ತು. ಅವತ್ತು ಭಾನುವಾರ. ಲೀಗಿನ ಕೊನೆಯ ದಿನ. ಕ್ಯುಪಿಆರ್ ತಂಡದ ವಿರುದ್ಧ 90 ನಿಮಿಷ ಮುಗಿದಾಗ ಸಿಟಿ 1-2 ಹಿಂದೆ. ಇಬ್ಬರು ಎದ್ದು ಚಪ್ಪಲಿ ಹಾಕಿಕೊಂಡಿದ್ದರು. ಸಿಟಿಯ ಜೆಕೊ ತಲೆಯಿಂದ ಹೊಡೆದ, 2-2. ಆಮೇಲೆ ಅಗುವೆರೊ. ಗಡಿಯಾರದಲ್ಲಿ 93 ನಿಮಿಷ 20 ಸೆಕೆಂಡು. 44 ವರ್ಷದ ಮೇಲೆ ಸಿಟಿಗೆ ಲೀಗ್ ಸಿಕ್ಕಿತು. ಯುನೈಟೆಡ್‌ಗೂ ಸಿಟಿಗೂ ಅಂಕ ಒಂದೇ, ಗೋಲುಗಳ ಲೆಕ್ಕದಲ್ಲಿ ಗೆಲುವು. ಕೆಳಗೆ ಅಂಗಡಿಯ ಶಟರ್ ಬಡಿದು ನಾವು ಮಾಡಿದ ಗದ್ದಲಕ್ಕೆ ಎದುರು ಮನೆಯ ಅಜ್ಜಿ ಯಾರೋ ಸತ್ತರು ಅಂತ ಹೊರಗೆ ಬಂದಿದ್ದರು.

ಆರೋಪ ಏನು

ಮೊದಲ ವಾರ ನಮ್ಮಲ್ಲಿ ಒಬ್ಬರಿಗೂ ಆರೋಪ ಏನೆಂದು ಗೊತ್ತಿರಲಿಲ್ಲ. ಗೊತ್ತಿಲ್ಲದೇ ಜಗಳಾಡುತ್ತಿದ್ದೆವು. ಕೊನೆಗೆ ಲೆಕ್ಕಿಗ ಕೇರಂ ಬೋರ್ಡ್ ಮೇಲೆ ಹಾಳೆ ಹಾಕಿ ಕೂತ.

ದೊಡ್ಡ ಗುಂಪು ಆರೋಪಗಳು 2009-10ರಿಂದ 2017-18ರ ತನಕದ್ದು. ಕ್ಲಬ್ ತನ್ನ ಆದಾಯದ ಸರಿಯಾದ ಲೆಕ್ಕ ಕೊಡಲಿಲ್ಲ, ಸ್ಪಾನ್ಸರ್ ಹಣದ ಲೆಕ್ಕವೂ ಅದರಲ್ಲಿದೆ ಅನ್ನುವುದು ಒಂದು. ಕೋಚ್ ಮತ್ತು ಆಟಗಾರರಿಗೆ ಕೊಟ್ಟ ಸಂಬಳವನ್ನು ಪೂರ್ತಿ ತೋರಿಸಲಿಲ್ಲ ಅನ್ನುವುದು ಇನ್ನೊಂದು. ನಷ್ಟದ ಮಿತಿ ದಾಟಿದ್ದು ಮತ್ತೊಂದು. ಕೊನೆಯದಾಗಿ, 2018ರ ಡಿಸೆಂಬರ್‌ನಿಂದ ತನಿಖೆಗೆ ಸಹಕರಿಸಲಿಲ್ಲ ಅನ್ನುವುದು. ಎಲ್ಲದಕ್ಕೂ ಬೀಜ 2018ರ ನವೆಂಬರ್‌ನಲ್ಲಿ ಜರ್ಮನಿಯ ಡೆರ್ ಶ್ಪೀಗೆಲ್ ಪತ್ರಿಕೆ ಬರೆದ ವರದಿಗಳು. ಪೋರ್ಚುಗಲ್‌ನ ರುಯಿ ಪಿಂಟೊ ಎಂಬವನು ಹೊರಹಾಕಿದ ಇ-ಮೇಲ್‌ಗಳ ಆಧಾರದ ಮೇಲೆ ಬಂದ ವರದಿಗಳು ಅವು. ಕ್ಲಬ್ ಎಲ್ಲವನ್ನೂ ಅಲ್ಲಗಳೆದಿದೆ.

‘ಗಣಪತಿ ಮಂಡಳ ಅಂತ ತಿಳಕೋರಿ’ ಅಂದ ಲೆಕ್ಕಿಗ. ಬೆಳಗಾವಿಯವರಿಗೆ ಹೇಳಬೇಕಾದರೆ ಇದಕ್ಕಿಂತ ಒಳ್ಳೆ ಉದಾಹರಣೆ ಇಲ್ಲ. ‘ಎಲ್ಲಾ ಮಂಡಳದವರು ಕೂಡಿ ಒಂದು ನಿಯಮ ಮಾಡ್ಯಾರ. ತಮ್ಮ ಗಲ್ಲ್ಯಾಗ ಎಷ್ಟು ಪಟ್ಟಿ ಎತ್ತತೀರಿ, ಅಷ್ಟ ಖರ್ಚು ಮಾಡಬೇಕು. ಈಗ ಒಂದು ಮಂಡಳದ ಅಧ್ಯಕ್ಷ ಭಾಳ ಶ್ರೀಮಂತ. ಅಂವಗ ದೊಡ್ಡ ಗಣಪತಿ ಕೂಡಸೋದೈತಿ. ಏನ ಮಾಡ್ತಾನ? ತನ್ನ ಬೀಗರ ಅಂಗಡಿಯಿಂದ ಒಂದು ಬ್ಯಾನರಿಗೆ ಒಂದು ಲಕ್ಷ ಅಂತ ಜಾಹೀರಾತು ತೊಗೋತಾನ. ಬ್ಯಾನರ್ ಕಿಮ್ಮತ್ತು ಹತ್ತು ಸಾವಿರ. ಉಳಿದ ತೊಂಬತ್ತು ಅಧ್ಯಕ್ಷನ ಕಿಸೇದಿಂದ ಬೀಗರ ಕಿಸೆಗೆ ಹೋಗಿ ಮಂಡಳಕ್ಕ ಬಂದೈತಿ. ಆರೋಪ ಇದು.’

‘ಅಂವನ ರೊಕ್ಕ ಅಂವಾ ಹಾಕ್ಯಾನ. ಅದ್ರಾಗ ತಪ್ಪೇನೈತಿ?’ ಅಂತ ನಾನೇ ಕೇಳಿದೆ.

‘ಹಾಕಿದ್ದು ಬ್ಯಾರೆ ವಿಷಯ. ಬೀಗರ ಹೆಸರ್ಲೆ ಬರದಿದ್ದ ತಪ್ಪು.’

ಆ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಹೋಗಲು ಒಂಬತ್ತು ತಿಂಗಳು ಬೇಕಾಯಿತು.

ನಾವು ಏನೇನು ಅಂದೆವು

ಮೊದಲು ಅಂದದ್ದು ‘ಹೊಟ್ಟೆಕಿಚ್ಚು’. ಎರಡನೆಯದು ‘ಎಲ್ಲಾರೂ ಮಾಡ್ತಾರ, ನಮ್ಮವರು ಸಿಕ್ಕಾರ’. ಮೂರನೆಯದು ‘ನಿಯಮಾನ ತಪ್ಪೈತಿ’. ಈ ಮೂರನೆಯದರಲ್ಲಿ ಸ್ವಲ್ಪ ಹುರುಳಿದೆ. ಗಳಿಸಿದಷ್ಟೇ ಖರ್ಚು ಮಾಡು ಅನ್ನುವ ನಿಯಮ ಮೊದಲೇ ಗಳಿಸಿ ಕೂತ ದೊಡ್ಡ ಕ್ಲಬ್ಬುಗಳಿಗೆ ಬೇಲಿಯಂತೆ ಕೆಲಸ ಮಾಡುತ್ತದೆ. ಹೊಸಬ ಒಳಗೆ ಬರುವುದು ಕಷ್ಟ. 2008ರಲ್ಲಿ ಅಬುಧಾಬಿಯ ಶೇಖ್ ಮನ್ಸೂರ್ ಕೊಂಡಾಗ ಸಿಟಿ ಅಂಥ ಹೊಸಬನೇ.

ಆದರೆ ಗಮನಿಸಿ. ‘ಅವರು ಮಾಡಿಲ್ಲ’ ಮತ್ತು ‘ಮಾಡಿದ್ದರೂ ತಪ್ಪಲ್ಲ’, ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಿದ್ದೆವು. ಎರಡೂ ಒಟ್ಟಿಗೆ ಬೇಕಾಗುವುದು ಯಾರಿಗೆ? ಒಳಗೊಳಗೇ ಅನುಮಾನ ಇದ್ದವನಿಗೆ. ಪೂರ್ತಿ ನಂಬಿದವನಿಗೆ ಮೊದಲನೆಯದೊಂದೇ ಸಾಕು ಅಲ್ವಾ? ನಾನು ಇದನ್ನು ಈಗ ಬರೆಯುತ್ತಿದ್ದೇನೆ. ಆಗ ಎಲ್ಲರಿಗಿಂತ ಜೋರಾಗಿ ಹೇಳಿದವನು ನಾನೇ.

ಮ್ಯಾಂಚೆಸ್ಟರ್‌ನವರೂ ನಮ್ಮ ಹಾಗೇ. ಫೆಬ್ರವರಿ 12ಕ್ಕೆ ಆಸ್ಟನ್ ವಿಲಾ ಜೊತೆ ಪಂದ್ಯ. ಲೀಗಿನ ಹಾಡು ಬಂದಾಗ ಇಡೀ ಸ್ಟೇಡಿಯಂ ಹುಯಿಲೆಬ್ಬಿಸಿತು. ಕ್ಲಬ್ಬಿನ ವಕೀಲ ಲಾರ್ಡ್ ಪ್ಯಾನಿಕ್ ಅವರ ಹೆಸರಿನ ಮೇಲೆ ಶ್ಲೇಷೆ ಮಾಡಿ ಬ್ಯಾನರ್ ಕಟ್ಟಿದ್ದರು. ಫುಟ್‌ಬಾಲ್ ಅಭಿಮಾನಿಗಳು ವಕೀಲನಿಗೆ ಬ್ಯಾನರ್ ಕಟ್ಟಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಸಿಟಿ 3-1 ಗೆದ್ದಿತು. ಅದಕ್ಕೆ ಎರಡು ದಿನ ಮೊದಲು ಕೋಚ್ ಗ್ವಾರ್ಡಿಯೋಲಾ ಪತ್ರಕರ್ತರ ಮುಂದೆ ಕೂತು, ನಮಗೆ ಆಗಲೇ ಶಿಕ್ಷೆ ಕೊಟ್ಟಾಗಿದೆ ಅನ್ನುವ ಧಾಟಿಯಲ್ಲಿ ಮಾತಾಡಿದ್ದರು. ನಮ್ಮ ಕೋಣೆಯಲ್ಲಿ ಅದಕ್ಕೆ ಶಿಳ್ಳೆ ಬಿತ್ತು.

ನಮಗಿದ್ದ ಇನ್ನೊಂದು ಗುರಾಣಿ 2020. ಆ ವರ್ಷ ಫೆಬ್ರವರಿಯಲ್ಲಿ ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ಸಿಟಿಗೆ ಎರಡು ವರ್ಷ ಯುರೋಪಿನ ಟೂರ್ನಿಗಳಿಂದ ನಿಷೇಧ, 3 ಕೋಟಿ ಯೂರೊ ದಂಡ ಹಾಕಿತ್ತು. ಜುಲೈ 13ಕ್ಕೆ ಸ್ವಿಟ್ಜರ್ಲೆಂಡಿನ ಲೊಸಾನ್‌ನ ಕ್ರೀಡಾ ನ್ಯಾಯಮಂಡಳಿ ನಿಷೇಧ ರದ್ದು ಮಾಡಿ ದಂಡವನ್ನು 1 ಕೋಟಿಗೆ ಇಳಿಸಿತು. ‘ನೋಡು, ಕೋರ್ಟೇ ಬಿಟ್ಟೈತಿ’ ಅಂತ ಲಿವರ್‌ಪೂಲ್ ಗೆಳೆಯನಿಗೆ ಹೇಳುತ್ತಿದ್ದೆವು. ಲೆಕ್ಕಿಗ ಸುಮ್ನೆ ಇರುವವನಲ್ಲ. ‘ಕೆಲವು ಸಾಬೀತಾಗಿಲ್ಲ ಅಂದಾರ, ಕೆಲವಕ್ಕ ಅವಧಿ ಮುಗಿದೈತಿ ಅಂದಾರ. ದಂಡ ಉಳಿಸ್ಯಾರ. ಪೂರ್ತಿ ಓದ್ರಿ’ ಅಂದ. ಅವನೂ ಸಿಟಿಯವನೇ! ಅವತ್ತು ಅವನಿಗೆ ಚಹಾ ಕೊಡಿಸಲಿಲ್ಲ.

ಈ ಮಧ್ಯೆ ಲಿವರ್‌ಪೂಲ್ ಗೆಳೆಯ ಒಂದು ಮಾತು ಹೇಳಿದ. ತಮಾಷೆಯಾಗಿ ಹೇಳಿದ, ನಾವು ತಮಾಷೆಯಾಗಿಯೇ ತೆಗೆದುಕೊಂಡೆವು. ‘2014ರಾಗ ನೀವು 86, ನಾವು 84. ಜೆರಾರ್ಡ್ ಜಾರಿಬಿದ್ದಾ ಅಂತ ಇನ್ನೂ ನಗ್ತೀರಿ. ಅಂವಗ ಲೀಗ್ ಸಿಗಲೇ ಇಲ್ಲ.’ 86, 84 ಅಂದರೆ ಆ ಲೀಗಿನ ಅಂಕ, ಜೆರಾರ್ಡ್ ಆಗ ಲಿವರ್‌ಪೂಲ್ ನಾಯಕ. ಆ ಋತು ಆರೋಪದ ವರ್ಷಗಳ ಒಳಗೇ ಬರುತ್ತದೆ. ನಾವು ಮತ್ತೆ ಜೆರಾರ್ಡ್ ಜಾರಿದ ವಿಡಿಯೊ ಹಾಕಿ ನಕ್ಕೆವು.

ಜೂನ್ ಬಂತು. 10ರ ರಾತ್ರಿ, ನಮಗೆ 11ರ ನಡುರಾತ್ರಿ ಹನ್ನೆರಡೂವರೆ. ಇಸ್ತಾಂಬುಲ್‌ನಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್. ರೊಡ್ರಿ ಹೊಡೆದ ಒಂದೇ ಗೋಲು, ಇಟಲಿಯ ಇಂಟರ್ ಸೋತಿತು. ಒಂದೇ ವರ್ಷ ಮೂರು ಕಪ್. ಬೆಳಗಿನ ಜಾವ ಮೂರಕ್ಕೆ ನಾವು ಕಾಂಗ್ರೆಸ್ ರಸ್ತೆಯಲ್ಲಿ ಹಾಡುತ್ತಾ ನಡೆದೆವು. ಆರೋಪ 2018ರ ತನಕದ್ದು, ಇದು 2023, ಇದಕ್ಕೂ ಅದಕ್ಕೂ ಸಂಬಂಧವಿಲ್ಲ ಅಂತ ಯಾರೂ ಕೇಳದೇ ಇದ್ದರೂ ನಾನು ಹೇಳಿದೆ. ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ.

ಎವರ್ಟನ್ ದಿನ

2023ರ ನವೆಂಬರ್ 17, ಶುಕ್ರವಾರ. ಲೀಗಿಗೆ ರಜೆ. ಹಿಂದಿನ ದಿನ ಭಾರತ ಕುವೈತ್‌ಗೆ ಹೋಗಿ 1-0 ಗೆದ್ದು ಬಂದಿತ್ತು, ಆ ಖುಷಿಯಲ್ಲಿ ಸುಮ್ನೆ ಕೇರಂ ಆಡಲು ಸೇರಿದ್ದೆವು. ಸುದ್ದಿ ಬಂತು. ಅದೇ ಲೀಗಿನ ಇನ್ನೊಂದು ಕ್ಲಬ್ ಎವರ್ಟನ್‌ನ 10 ಅಂಕ ಕಡಿತ. ಮೂರು ವರ್ಷದಲ್ಲಿ 10.5 ಕೋಟಿ ಪೌಂಡ್ ನಷ್ಟಕ್ಕೆ ಅವಕಾಶ ಇತ್ತು. ಅವರದ್ದು 12.45 ಕೋಟಿ ಆಗಿತ್ತು. ಮುಂದಿನ ಫೆಬ್ರವರಿಯಲ್ಲಿ ಮೇಲ್ಮನವಿಯಲ್ಲಿ ಅದು 6 ಅಂಕಕ್ಕೆ ಇಳಿಯಿತು. ಅವತ್ತಿಗೆ 10.

ನಾವು ನಕ್ಕೆವು. ‘ತಪ್ಪು ಮಾಡ್ಯಾರ, ಉಣ್ಣಲಿ’ ಅಂದ ಒಬ್ಬ. ‘ನಿಯಮ ಅಂದ್ರ ನಿಯಮ’ ಅಂದೆ ನಾನು. ಹೌದು, ನಿಯಮವೇ ತಪ್ಪು ಅಂತ ಒಂಬತ್ತು ತಿಂಗಳಿಂದ ಹೇಳುತ್ತಿದ್ದ ನಾನು. ಎಲ್ಲರೂ ಹೀಗೆ ಮಾಡ್ತಾರ ಅನ್ನುವ ನಮ್ಮ ಮಾತು ಎವರ್ಟನ್‌ಗೆ ಅನ್ವಯವಾಗಲಿಲ್ಲ.

ಗೋಲಿ ಅಲ್ಲಿ ತನಕ ಈ ವಿಷಯದಲ್ಲಿ ಬಾಯಿ ಬಿಟ್ಟಿರಲಿಲ್ಲ. ಸ್ಟ್ರೈಕರ್ ಕೈಯಲ್ಲೇ ಹಿಡಿದುಕೊಂಡು ಕೂತಿದ್ದ. ಅದನ್ನು ಬೋರ್ಡಿನ ಮೇಲೆ ಇಟ್ಟು ಕಪಾಟಿನ ಕಡೆ ನೋಡಿದ.

‘ಆ ಕಪ್ ಯಾರ್ದು?’

ಕೋಣೆ ತಣ್ಣಗಾಯಿತು.

ಇಲ್ಲಿ ನಾನು ಕಪ್ಪಿನ ಕಥೆ ಹೇಳಲೇಬೇಕು. ಸುಮಾರು ಹದಿನಾಲ್ಕು ವರ್ಷದ ಹಿಂದಿನದು. ಬೇಸಿಗೆ ರಜೆಯ ಸೆವೆನ್ಸ್ ಟೂರ್ನಮೆಂಟ್, ತಂಡಕ್ಕೆ ಏಳು ಜನ. ನಡೆಸಿದವರು ಊರಿನ ಯಾರೋ ಹುಡುಗರು. ನಿಯಮ ಒಂದೇ: ಆಟಗಾರ ಅದೇ ಭಾಗದವನಾಗಿರಬೇಕು. ನಮ್ಮ ತಂಡದಲ್ಲಿ ಓಡುವವರಿದ್ದರು, ಗೋಲು ಹೊಡೆಯುವವರಿರಲಿಲ್ಲ. ಫೈನಲ್‌ಗೆ ಗೋವಾದಿಂದ ಒಬ್ಬ ಹುಡುಗನನ್ನು ಕರೆಸಿದೆವು. ಒಂದೂವರೆ ಸಾವಿರ ರೂಪಾಯಿ, ಬಸ್ಸಿನ ದುಡ್ಡು, ಮಟನ್ ಊಟ. ಇದು ನಮ್ಮ ಕಡೆ ಹೊಸದೇನಲ್ಲ. ಗೋವಾದಿಂದ, ಕೊಲ್ಹಾಪುರದಿಂದ ಹೀಗೆ ‘ಪಾಹುಣೆ’ ಬರುವುದು ಎಲ್ಲರಿಗೂ ಗೊತ್ತು. ಪಾಹುಣೆ ಅಂದರೆ ಮರಾಠಿಯಲ್ಲಿ ನೆಂಟರು.

ಫಾರಂನಲ್ಲಿ ಅವನ ಹೆಸರು ಬರೆಯುವಂತಿರಲಿಲ್ಲ. ನಮ್ಮಲ್ಲೊಬ್ಬನ ಕಾಕನ ಮಗ ಪುಣೆಯಲ್ಲಿ ಓದುತ್ತಿದ್ದ. ಅವನ ಹೆಸರು ಹಾಕಿದೆವು, ಅವನ ರೇಷನ್ ಕಾರ್ಡಿನ ಜೆರಾಕ್ಸ್ ಹಚ್ಚಿದೆವು. ಫಾರಂ ತುಂಬಿದವನು ನಾನು. ನನ್ನ ಅಕ್ಷರ ಚೆನ್ನಾಗಿತ್ತು, ಅದಕ್ಕೆ.

ಆ ಹುಡುಗ ಎರಡು ಗೋಲು ಹೊಡೆದ. ಎರಡನೆಯದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಚೆಂಡು ಅವನ ಬೆನ್ನ ಹಿಂದೆ ಬಂತು. ತಿರುಗಲಿಲ್ಲ. ಹಿಮ್ಮಡಿಯಿಂದ ಅದನ್ನು ಮುಂದಕ್ಕೆ ತಂದು, ಬಲಗಡೆ ಹೋಗುವಂತೆ ಸೊಂಟ ಹೊರಳಿಸಿ, ಎಡಗಾಲಿನಿಂದ ಕೆಂಪು ಮಣ್ಣಿಗೆ ಅಂಟಿದಂತೆ ಉರುಳಿಸಿದ. ಗೋಲ್‌ಕೀಪರ್ ಬಲಕ್ಕೆ ಬಿದ್ದಿದ್ದ. ಆ ಗೋಲ್‌ಕೀಪರ್ ನಮ್ಮ ಗೋಲಿ. ಆಗ ಅವನು ಎದುರು ತಂಡದವನು, ನಮಗೆ ಪರಿಚಯವಿರಲಿಲ್ಲ.

ಪಂದ್ಯ ಮುಗಿದ ಮೇಲೆ ಮೈಕಿನಲ್ಲಿ ಒಳ್ಳೆಯ ಆಟಗಾರನ ಹೆಸರು ಕರೆದರು. ಹುಡುಗ ಬೂಟಿನ ಲೇಸು ಬಿಚ್ಚುತ್ತಾ ಕೂತಿದ್ದ. ತಿರುಗಲಿಲ್ಲ. ಮತ್ತೊಮ್ಮೆ ಕರೆದರು. ಆಗಲೂ ಇಲ್ಲ. ನಾನೇ ಓಡಿ ಹೋಗಿ ಭುಜ ತಟ್ಟಿದೆ. ಅವನು ಗಾಬರಿಯಿಂದ ಎದ್ದು ಒಂದು ಕಾಲಿಗೆ ಬೂಟು, ಒಂದು ಕಾಲು ಬರಿಗಾಲು, ಹಾಗೇ ಓಡಿದ. ಜನ ನಕ್ಕರು.

‘ಅವತ್ತ ನನಗ ಗೊತ್ತಾತು’ ಅಂದ ಗೋಲಿ. ‘ತನ್ನ ಹೆಸರ ಕರದ್ರ ಯಾವನರ ತಿರಗದ ಇರ್ತಾನ?’

ಹಾಗಾದರೆ ಇಷ್ಟು ವರ್ಷ ಯಾಕೆ ಸುಮ್ನಿದ್ದೆ ಅಂತ ಕೇಳಿದೆವು. ಕೇಳುವವರು ಯಾರಿದ್ದರು ಅಂದ. ಅವನು ದೂರು ಕೊಡಲು ಹೋಗಿದ್ದನಂತೆ, ಸೋತವನ ಹೊಟ್ಟೆಕಿಚ್ಚು ಅಂತ ಕಳಿಸಿದರಂತೆ. ಹೊಟ್ಟೆಕಿಚ್ಚು. ನಾವು ಫೆಬ್ರವರಿಯಲ್ಲಿ ಮೊದಲು ಅಂದ ಶಬ್ದವೇ ಅದು.

ನಮ್ಮಲ್ಲೊಬ್ಬ ಸಮಜಾಯಿಷಿಗೆ ಹೊರಟ. ‘ಗೋಲ್ ಅಂತೂ ಖರೇನ ಹೊಡದಾನಲೇ. ರೆಫ್ರಿಗೆ ರೊಕ್ಕ ಕೊಟ್ಟಿಲ್ಲ, ಏನಿಲ್ಲ.’

‘ಅದಕ್ಕ ಜಾಸ್ತಿ ಉರೀತೈತಿ’ ಅಂದ ಗೋಲಿ. ‘ಗೋಲ್ ಸುಳ್ಳ ಇದ್ದಿದ್ರ ಮರತಬಿಡ್ತಿದ್ನಿ.’

ಬೇರೆ ಊರಿನವರು

ಆ ರಾತ್ರಿಯ ನಂತರ ನಾನು ಬೇರೆ ಕಡೆ ಏನಾಗಿದೆ ಅಂತ ಹುಡುಕಿ ಓದತೊಡಗಿದೆ. ಅಪರಾಧ ಸಾಬೀತಾದ ಮೇಲೆ ಅಭಿಮಾನಿ ಏನು ಮಾಡುತ್ತಾನೆ ಅನ್ನುವುದು ನನಗೆ ಬೇಕಿತ್ತು.

ಫ್ರಾನ್ಸಿನ ಮಾರ್ಸೆಯ್ ತಂಡ 1993ರ ಮೇ 26ಕ್ಕೆ ಮಿಲಾನ್ ತಂಡವನ್ನು 1-0 ಸೋಲಿಸಿ ಯುರೋಪ್ ಗೆದ್ದಿತು. ಅದಕ್ಕೆ ಆರು ದಿನ ಮೊದಲು ವಾಲೆನ್ಸಿಯೆನ್ ಜೊತೆ ಲೀಗ್ ಪಂದ್ಯ ಇತ್ತು. ಫೈನಲ್ ಮುಂದಿದೆ, ಯಾರಿಗೂ ಗಾಯ ಮಾಡಬೇಡಿ, ಮೆತ್ತಗೆ ಆಡಿ ಅಂತ ಎದುರು ತಂಡದ ಆಟಗಾರರಿಗೆ ಲಂಚ ಹೋಗಿತ್ತು. ಎರಡೂವರೆ ಲಕ್ಷ ಫ್ರಾಂಕ್ ಒಬ್ಬ ಆಟಗಾರನ ನೆಂಟರ ತೋಟದಲ್ಲಿ ಹೂತಿಟ್ಟದ್ದು ಸಿಕ್ಕಿತು. ಆ ವರ್ಷದ ಫ್ರೆಂಚ್ ಲೀಗ್ ಪಟ್ಟ ಹೋಯಿತು, ತಂಡ ಎರಡನೇ ದರ್ಜೆಗೆ ಇಳಿಯಿತು, ಅಧ್ಯಕ್ಷ ಬರ್ನಾರ್ ತಾಪಿ ಜೈಲಿಗೆ ಹೋದರು. ಆದರೆ ಯುರೋಪ್ ಕಪ್ ಉಳಿಯಿತು. ಮಾರ್ಸೆಯ್ ಜನ ಇವತ್ತಿಗೂ ‘ಎಂದೆಂದಿಗೂ ನಾವೇ ಮೊದಲು’ ಅಂತ ಹೇಳಿಕೊಳ್ಳುತ್ತಾರೆ. 2021ರಲ್ಲಿ ತಾಪಿ ತೀರಿಕೊಂಡಾಗ ಶವಪೆಟ್ಟಿಗೆಯನ್ನು ಅವರ ವೆಲೊಡ್ರೋಮ್ ಸ್ಟೇಡಿಯಂಗೇ ತಂದರು. ಸಾವಿರಾರು ಜನ ಅತ್ತರು.

ಇಟಲಿಯ ಯುವೆಂಟಸ್ ಇನ್ನೊಂದು ಥರ. ರೆಫ್ರಿಗಳ ನೇಮಕದಲ್ಲಿ ಕೈ ಹಾಕಿದ ಹಗರಣದಲ್ಲಿ 2006ರಲ್ಲಿ ಎರಡು ಲೀಗ್ ಪಟ್ಟ ಕಳೆದುಕೊಂಡು ಎರಡನೇ ದರ್ಜೆಗೆ ಬಿತ್ತು. ಬುಫೊನ್, ಡೆಲ್ ಪಿಯೆರೊ, ನೆಡ್ವೆಡ್ ಬಿಟ್ಟು ಹೋಗದೆ ಅಲ್ಲೇ ಆಡಿದರು, ಮರುವರ್ಷ ಮೇಲೆ ಬಂದರು. ಅಧಿಕೃತ ಲೆಕ್ಕದಲ್ಲಿ ಅವರ ಪಟ್ಟ 36. ಕ್ಲಬ್ಬಿನ ಲೆಕ್ಕದಲ್ಲಿ 38. ಕಳೆದುಕೊಂಡ ಎರಡನ್ನೂ ಅವರು ಬಿಟ್ಟಿಲ್ಲ.

ಇವರನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಯಾಕಂದರೆ ಅವರು ಕಣ್ಣಾರೆ ನೋಡಿದ್ದು ಆಟ. ಮೋಸ ನಡೆದದ್ದು ಫೋನಿನಲ್ಲಿ, ತೋಟದ ಮಣ್ಣಿನಡಿ. ಸಿಟಿಯ ವಿಷಯದಲ್ಲಿ ಆರೋಪ ಇರುವುದೂ ಕಾಗದದ ಮೇಲೆ. ಅಗುವೆರೊ ಅಂಗಿ ಬಿಚ್ಚಿ ಓಡಿದ್ದನ್ನು ನೋಡಿದ ಕಣ್ಣಿಗೆ ಸ್ಪಾನ್ಸರ್ ಕರಾರಿನ ಪುಟ ಸಂಖ್ಯೆ ಕಾಣುವುದಿಲ್ಲ. ಗೆದ್ದವನಿಗೆ ಅದು ಕಾಣುವ ಅಗತ್ಯವೂ ಬೀಳುವುದಿಲ್ಲ. ಕಾಣುವುದು ಸೋತವನಿಗೆ. ಅವನು ಆ ಕಾಗದದ ಒಂದೊಂದು ಸಾಲನ್ನೂ ಓದುತ್ತಾನೆ. ಲಿವರ್‌ಪೂಲ್ ಗೆಳೆಯ 86-84 ಅನ್ನುವುದನ್ನು ಒಂಬತ್ತು ವರ್ಷ ಮರೆತಿರಲಿಲ್ಲ. ಗೋಲಿ ಮೈಕಿನಲ್ಲಿ ಎಷ್ಟು ಸಲ ಕರೆದರು ಅನ್ನುವುದನ್ನು ಹದಿನಾಲ್ಕು ವರ್ಷ ಮರೆತಿರಲಿಲ್ಲ. ನಮ್ಮ ಕೋಣೆಯಲ್ಲಿ ಒಂಬತ್ತು ತಿಂಗಳು ನಡೆದ ಜಗಳದಲ್ಲಿ ಇವರಿಬ್ಬರ ಸರದಿ ಬರಲೇ ಇಲ್ಲ. ‘ಮಾಡ್ಯಾರೋ ಇಲ್ಲೋ’ ಅನ್ನುವುದರಲ್ಲೇ ಇದ್ದೆವು.

ಲೆಕ್ಕಿಗ ಹೇಳಿದ ‘ಬೀಗರ ಹೆಸರ್ಲೆ ಬರದಿದ್ದು’ ನನಗೆ ಅರ್ಥವಾದದ್ದು ಆಗ. ನಮ್ಮ ಫಾರಂ ನೆನಪಾಯಿತು.

ಆಮೇಲೆ

ಗುಂಪು ಒಡೆಯಲಿಲ್ಲ. ಹಾಗಂತ ಮೊದಲಿನ ಹಾಗೂ ಉಳಿಯಲಿಲ್ಲ. ಇಬ್ಬರು ಈಗಲೂ ‘115’ ಅಂದರೆ ಎದ್ದು ಹೋಗುತ್ತಾರೆ. ಒಬ್ಬ ಸಿಟಿ ಬಿಟ್ಟು ಬೆಂಗಳೂರು ಎಫ್‌ಸಿ ಅಷ್ಟೇ ನೋಡುತ್ತೇನೆ ಅಂದ, ಮೂರು ವಾರಕ್ಕೆ ವಾಪಸ್ ಬಂದ. ಲೆಕ್ಕಿಗ ತೀರ್ಪು ಬರುವ ತನಕ ಜೆರ್ಸಿ ಹಾಕುವುದಿಲ್ಲ ಅಂತ ಮಡಚಿ ಇಟ್ಟಿದ್ದಾನೆ, ಪಂದ್ಯ ಮಾತ್ರ ಒಂದೂ ಬಿಡುವುದಿಲ್ಲ. ನಾನು ಜೆರಾರ್ಡ್ ವಿಡಿಯೊ ಹಾಕುವುದು ಬಿಟ್ಟೆ. ದೊಡ್ಡ ತ್ಯಾಗವೇನಲ್ಲ.

2024ರ ಸೆಪ್ಟೆಂಬರ್ 16ಕ್ಕೆ ಲಂಡನ್‌ನಲ್ಲಿ ಸಿಟಿಯ ವಿಚಾರಣೆ ಶುರುವಾಗಿ ಡಿಸೆಂಬರ್‌ನಲ್ಲಿ ಮುಗಿಯಿತು. ಎಲ್ಲವೂ ಬಾಗಿಲು ಮುಚ್ಚಿಕೊಂಡು ನಡೆದದ್ದು. ಅದೇ ಹೊತ್ತಿಗೆ ಮೈದಾನದಲ್ಲೂ ಸಿಟಿ ಸೋಲಿನ ಮೇಲೆ ಸೋಲು ತಿನ್ನುತ್ತಿತ್ತು. ಡಿಸೆಂಬರ್ 15, ಭಾನುವಾರ ರಾತ್ರಿ ಹತ್ತಕ್ಕೆ ಯುನೈಟೆಡ್ ಜೊತೆ ಪಂದ್ಯ. 87 ನಿಮಿಷದ ತನಕ 1-0 ಮುಂದೆ ಇದ್ದೆವು. 88ಕ್ಕೆ ಪೆನಾಲ್ಟಿಯಿಂದ ಒಂದು ಗೋಲು, 90ಕ್ಕೆ ಇನ್ನೊಂದು ಗೋಲು. 1-2. 2012ರಲ್ಲಿ ನಾವು ಎದುರಿನವರಿಗೆ ಮಾಡಿದ್ದನ್ನು ಅವತ್ತು ನಮಗೆ ಮಾಡಿದರು. ಎಲ್ಲರೂ ಒಬ್ಬೊಬ್ಬರಾಗಿ ಕೆಳಗಿಳಿದು ಹೋದರು. ಗೋಲಿ ಕೊನೆಗೆ ಉಳಿದು ಚಪ್ಪಲಿ ಹುಡುಕುತ್ತಿದ್ದ.

ನಾನು ಕಪ್ ಇಳಿಸಿ ಅವನ ಕೈಗೆ ಕೊಟ್ಟೆ. ಒಂದು ವರ್ಷದಿಂದ ಕೊಡಬೇಕು ಅಂದುಕೊಂಡಿದ್ದೆ, ಮಾತು ಜೋಡಿಸಿ ಇಟ್ಟಿದ್ದೆ. ಯಾವುದೂ ಬರಲಿಲ್ಲ. ‘ತೊಗೊಂಡ ಹೋಗು’ ಅಂದೆ ಅಷ್ಟೇ.

ಅವನು ಕಪ್ಪನ್ನು ಬೋರಲು ಮಾಡಿದ. ಸೆಲ್ಲು, ಬಿಲ್ಲಿನ ಚೂರು, ಕೇರಂ ಪಾನು ಎಲ್ಲ ಕುರ್ಚಿ ಮೇಲೆ ಬಿತ್ತು. ಎಂ-ಸೀಲ್ ಹಚ್ಚಿದ ಹಿಡಿಯನ್ನು ಉಗುರಿನಿಂದ ಕೆರೆದು ನೋಡಿದ. ವಾಪಸ್ ಕೊಟ್ಟ.

‘ಇದನ್ನ ತೊಗೊಂಡ ಏನ ಮಾಡ್ಲಿ? ಆ ಹುಡುಗನ ಹೆಸರ ಹೇಳು.’

ಫಾರಂನಲ್ಲಿ ಬರೆದ ಹೆಸರು ಹೇಳಿದೆ.

‘ಅದಲ್ಲೋ. ಖರೇ ಹೆಸರು.’

ಅವನನ್ನು ಬಸ್ ಸ್ಟ್ಯಾಂಡಿನಿಂದ ಕರೆತಂದವನು ನಾನು. ಊಟಕ್ಕೆ ಪಕ್ಕದಲ್ಲಿ ಕೂತವನು ನಾನು, ದುಡ್ಡು ಎಣಿಸಿ ಕೊಟ್ಟವನು ನಾನು. ಬೆಳಿಗ್ಗೆಯಿಂದ ರಾತ್ರಿ ತನಕ ಜೊತೆಗಿದ್ದೆ. ಬಾಯಿ ತಪ್ಪಿ ಹೊರಬಿದ್ದರೆ ಕಷ್ಟ ಅಂತ ನಾನು ಅವನ ಹೆಸರು ಕೇಳಿರಲೇ ಇಲ್ಲ.